ಎತ್ತು, ಗಾಡಿ ಮತ್ತು ನ್ಯೂಟನ್ನನ ಮೂರನೆಯ ನಿಯಮ

ಎಂಜಿನಿಯರಿಂಗ್ ಶಿಕ್ಷಣದ ಮೊದಲ ವರ್ಷದಲ್ಲಿ ವಿದ್ಯಾರ್ಥಿಯನ್ನು ಒರೆಗೆ ಹಚ್ಚುವ ವಿಷಯಗಳಲ್ಲಿ ಬಲವಿಜ್ಞಾನವು ಮುಖ್ಯವಾದುದು. ಸೂತ್ರಗಳನ್ನೆಲ್ಲ ಕಂಠಪಾಠ ಮಾಡಿ, ಪದವಿಪೂರ್ವ ತರಗತಿಯಲ್ಲಿ ಉತ್ತಮ ಅಂಕ ಗಳಿಸಿ ಬಂದವನೂ ಇಲ್ಲಿ ಮುಗ್ಗರಿಸುವುದುಂಟು. ಕನ್ನಡ ಮಾಧ್ಯಮದಲ್ಲಿ ಓದಿದವನಾದರೆ ದೋಷವನ್ನೆಲ್ಲ ಇಂಗ್ಲಿಷಿನ ಮೇಲೆ ಹೊರಿಸಿ, ಇದು ತನ್ನಿಂದಾಗದೆಂದು ಕೈಚೆಲ್ಲುತ್ತಾನೆ. ಇಂಗ್ಲಿಷಿನ ತೊಡಕು ಇಲ್ಲವೆಂದಲ್ಲ. ಆದರೆ ಎಡವುವ ಕಲ್ಲು ಬಹುಮಟ್ಟಿಗೆ ಬೇರೆಡೆ ಇದೆ.

ಕ್ರಿಯೆಗೆ ಪ್ರತಿಕ್ರಿಯೆಯು ಸಮ ಹಾಗೂ ವಿರುದ್ಧವೆಂಬ ನಿಯಮವನ್ನು ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನಿರೂಪಿಸಿದನು. ಹಗ್ಗ ಕಟ್ಟಿ ಕಲ್ಲನ್ನೆಳೆಯುವ ಕುದುರೆಯನ್ನು ಕಲ್ಲೂ ಅಷ್ಟೇ ಬಲದಿಂದ ಹಿಂದಕ್ಕೆಳೆಯುತ್ತದೆಂಬುದು ಅವನೇ ಕೊಟ್ಟ ನಿದರ್ಶನ. ಕುದುರೆಯ ಬದಲು ಜೋಡೆತ್ತು, ಕಲ್ಲಿನ ಬದಲು ಗಾಡಿ ಎಂದಿರಲಿ. ಎತ್ತುಗಳು ಎಳೆದಷ್ಟೇ ಬಲದಿಂದ ಗಾಡಿಯೂ ಅವುಗಳನ್ನು ಹಿಂದಕ್ಕೆಳೆದರೆ ಗಾಡಿ ಚಲಿಸುವುದೆಂತು? ಇದು ಜಾಣ ವಿದ್ಯಾರ್ಥಿಯೇ ಕೇಳುವ ಪ್ರಶ್ನೆ. ಪರೀಕ್ಷೆಗೆ ಬಾರದೆಂದು ಅದನ್ನು ತಳ್ಳಿಹಾಕುವುದು ಅನ್ಯಾಯ.

ಆ ಎರಡು ಬಲಗಳು ಒಂದೇ ಕಾಯದ ಮೇಲೆ ವರ್ತಿಸುವುದಿಲ್ಲ. ಆದುದರಿಂದ ಒಂದನ್ನೊಂದು ಅಳಿಸಲಾರವು. ಕಾಯವೊಂದನ್ನು ಸುತ್ತಲಿನ ಎಲ್ಲದರಿಂದ ಬೇರ್ಪಡಿಸಿ, ಅದರ ಮೇಲೆ ವರ್ತಿಸುವ ಬಲಗಳನ್ನು ಮಾತ್ರ ಬಾಣಗಳಿಂದ ಗುರುತಿಸುವುದೇ ಎಂಜಿನಿಯರನ ಮೊದಲ ಕೆಲಸ. ಈ ಚಿತ್ರಕ್ಕೆ ಫ್ರೀ ಬಾಡಿ ಡಯಾಗ್ರಾಮ್ ಎಂದು ಹೆಸರು.

ಸಮತಟ್ಟಾದ ದಾರಿಯಲ್ಲಿ ಹೊರಟ ಗಾಡಿಯ ರಾಶಿ 600 ಕಿ.ಗ್ರಾಂ., ನೊಗದ ಸೆಳೆತ 500 ನ್ಯೂಟನ್, ದಾರಿಯ ತಡೆ 380 ನ್ಯೂಟನ್ ಎಂದಿರಲಿ. ಮೇಲುಕೆಳಗಿನ ಬಲಗಳನ್ನು ಸದ್ಯಕ್ಕೆ ಬಿಡಬಹುದು. ಗಾಡಿಯೊಂದನ್ನೇ ಬರೆದರೆ ಮುಂದಕ್ಕೆ ಉಳಿಯುವ ಬಲ 120 ನ್ಯೂಟನ್. ವೇಗೋತ್ಕರ್ಷವು ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 0.2 ಮೀಟರ್. ಅನಂತರ ಎತ್ತುಗಳನ್ನು ಬೇರೆಯಾಗಿ ಬರೆಯಬೇಕು. ಅವೆರಡರ ರಾಶಿ 800 ಕಿ.ಗ್ರಾಂ. ಆಗಿದ್ದರೆ, ಹಿಂದಕ್ಕೆ 500 ನ್ಯೂಟನ್ ಎಳೆತವಿದ್ದೂ ಅದೇ ವೇಗೋತ್ಕರ್ಷ ಬರಲು ಮುಂದಕ್ಕೆ 660 ನ್ಯೂಟನ್ ಬಲ ಬೇಕು. ಅದು ಬರುವುದೆಲ್ಲಿಂದ? ನೆಲದಿಂದ. ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಗೊರಸನ್ನು ಮುಂದಕ್ಕೆ ತಳ್ಳುತ್ತದೆ. ಕೆಸರಿನಲ್ಲಿ ಕಾಲು ಜಾರಿದಾಗ ಬಲಿಷ್ಠ ಜೋಡಿಯೂ ನಿಂತುಬಿಡುವುದು ಇದರಿಂದಲೇ. ರೈತರ ಮನೆಯ ಮಕ್ಕಳು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಕಾಗದದ ಮೇಲೆ ನೆಲದ ಬಾಣವನ್ನು ಹಾಕಲು ಮಾತ್ರ ಮರೆಯುತ್ತಾರೆ.

ಈ ಅಭ್ಯಾಸಕ್ಕೆ ಕಾಲೇಜಿನವರೆಗೆ ಕಾಯಬೇಕಾಗಿಲ್ಲ. ನ್ಯೂಟನ್ನನ ನಿಯಮಗಳು ಬರುವ ಪ್ರೌಢಶಾಲೆಯ ತರಗತಿಯಲ್ಲಿಯೇ, ಕನ್ನಡದಲ್ಲಿಯೇ, ಕರಿಹಲಗೆಯ ಮೇಲೆ ಎರಡು ಚಿತ್ರಗಳನ್ನು ಬರೆಯಿಸಲು ಒಂದು ಸೀಮೆಸುಣ್ಣ ಸಾಕು. ಉತ್ತರವನ್ನು ಪರೀಕ್ಷಿಸಲು ಎತ್ತುಗಾಡಿಗಳೆರಡನ್ನೂ ಒಂದೇ ಕಾಯವೆಂದು ಭಾವಿಸಿ ಮೂರನೆಯ ಚಿತ್ರವನ್ನು ಬರೆಯಿಸಬಹುದು. 660ರಲ್ಲಿ 380 ಕಳೆದರೆ 280. ಅದನ್ನು 1400ರಿಂದ ಭಾಗಿಸಿದರೆ ಮತ್ತೆ 0.2. ನೊಗದ ಸೆಳೆತ ಈ ಮೂರನೆಯ ಚಿತ್ರದಲ್ಲಿ ಕಾಣಿಸುವುದೇ ಇಲ್ಲ.