ಕಿರುದಲೆಯ ಕೂಸು, ತಾಯಿಯ ಕಣ್ಣು

ಅಂಗವನ್ನೇ ಲಿಂಗದ ನೆಲೆಯೆಂದು ಕಂಡ ಶರಣ ಪರಂಪರೆಯಲ್ಲಿ ದೇಹದ ವ್ಯಾಧಿಯನ್ನು ಪಾಪದ ಫಲವೆಂದು ಹಳಿಯುವುದಕ್ಕೆ ಎಡೆಯಿಲ್ಲ. ಆದರೂ ಹಸುಗೂಸು ಪದೇ ಪದೇ ಬೆಚ್ಚಿದರೆ ‘ಬಾಲಗ್ರಹ’ ಎನ್ನುವವರು, ಕೂಸಿನ ತಲೆ ಚಿಕ್ಕದಾಗಿದ್ದರೆ ‘ಬಸುರಿಯಿದ್ದಾಗ ಗ್ರಹಣ ನೋಡಿದಳು’ ಎಂದು ಸೊಸೆಯನ್ನು ದೂರುವವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಇಂಥ ಮಾತುಗಳಿಗೆ ದೂರದ ಬ್ರೆಜಿಲ್ ದೇಶದ ತಾಯಂದಿರ ಅನುಭವದಲ್ಲಿ ಸ್ಪಷ್ಟವಾದ ಉತ್ತರವಿದೆ.

ಬ್ರೆಜಿಲ್ ಕಂಡ ವಿಪತ್ತು

2015ರಲ್ಲಿ ಆ ದೇಶದ ಈಶಾನ್ಯ ಭಾಗದ ಪೆರ್ನಾಂಬುಕೊ ರಾಜ್ಯದಲ್ಲಿ ತೀರ ಚಿಕ್ಕ ತಲೆಯ ಶಿಶುಗಳು ಒಂದರ ಹಿಂದೊಂದು ಜನಿಸತೊಡಗಿದವು. ರೆಸಿಫೆ ನಗರದ ಮಕ್ಕಳ ನರರೋಗ ತಜ್ಞೆ ಡಾ. ವನೆಸ್ಸಾ ವಾನ್ ಡೆರ್ ಲಿಂಡನ್ ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. ಗರ್ಭಿಣಿಯರಿಗೆ ತಗುಲಿದ್ದ ಜಿಕಾ ವೈರಸ್ಸೇ ಇದಕ್ಕೆ ಕಾರಣವೆಂಬುದು ಬಳಿಕ ದೃಢಪಟ್ಟಿತು. 1947ರಲ್ಲಿ ಉಗಾಂಡದ ಜಿಕಾ ಕಾಡಿನ ಕೋತಿಯೊಂದರಲ್ಲಿ ಪತ್ತೆಯಾಗಿದ್ದ ಈ ವೈರಸ್ಸನ್ನು ಹರಡುವುದು ಡೆಂಗೆ ಜ್ವರವನ್ನು ತರುವ ಈಡಿಸ್ ಸೊಳ್ಳೆಯೇ. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿಯೆಂದು ಘೋಷಿಸಿತು. ಬ್ರೆಜಿಲ್ ಒಂದರಲ್ಲಿಯೇ 3,000ಕ್ಕೂ ಹೆಚ್ಚು ಮಕ್ಕಳು ಇದಕ್ಕೆ ತುತ್ತಾದರು.

ಮಿದುಳು ಬೆಳೆದಂತೆ ತಲೆಬುರುಡೆಯೂ ಹಿಗ್ಗುವುದು ಸೃಷ್ಟಿನಿಯಮ. ಜಿಕಾ ವೈರಸ್ಸು ಗರ್ಭಸ್ಥ ಶಿಶುವಿನಲ್ಲಿ ಮಿದುಳಿನ ನರಕೋಶಗಳಿಗೆ ಜನ್ಮವೀಯುವ ಮೂಲಕೋಶಗಳನ್ನೇ ನಾಶಮಾಡುತ್ತದೆ. ಮಿದುಳು ಬೆಳೆಯದೆ ಉಳಿಯುತ್ತದೆ. ಅದರೊಳಗೆ ಅಲ್ಲಲ್ಲಿ ಸುಣ್ಣದಂಶ ಕಟ್ಟಿಕೊಳ್ಳುತ್ತದೆ. ತಾಯಿಗಾದರೋ ಸಣ್ಣ ಜ್ವರ, ಮೈಮೇಲೆ ಗಂಧೆ ಬಂದು ಹೋಗಿರಬಹುದು. ಎಷ್ಟೋ ಸಲ ಅದೂ ಇಲ್ಲ. ತನಗೇ ತಿಳಿಯದ ಸೋಂಕಿಗೆ ಆಕೆಯನ್ನು ಹೊಣೆ ಮಾಡುವುದು ಎಂಥ ನ್ಯಾಯ?

ಬೆಚ್ಚುವಿಕೆಯ ಹಿಂದಿನ ಬೇನೆ

ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಪಸ್ಮಾರ, ಅಂದರೆ ಮೂರ್ಛೆರೋಗ, ಕಾಣಿಸಿಕೊಂಡಿತು. ಬಹುಪಾಲು ಅದು ಮೊದಲ ವರ್ಷದೊಳಗೇ ಆರಂಭವಾಗುತ್ತದೆ. ಮೂರ್ಛೆಯೆಂದರೆ ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರುವುದೆಂದೇ ನಾವು ತಿಳಿದಿದ್ದೇವೆ. ಹಸುಗೂಸಿನಲ್ಲಿ ಅದು ಹಾಗಿರಬೇಕೆಂದೇನೂ ಇಲ್ಲ. ತಲೆ ಫಕ್ಕನೆ ಮುಂದಕ್ಕೆ ಬಾಗುತ್ತದೆ, ಕೈಗಳೆರಡೂ ಚಾಚುತ್ತವೆ, ಕ್ಷಣದಲ್ಲಿ ಸಡಿಲವಾಗುತ್ತವೆ. ಕೆಲವು ಸೆಕೆಂಡು ಕಳೆದು ಮತ್ತೆ ಅದೇ. ನಿದ್ದೆಯಿಂದ ಏಳುವ ಹೊತ್ತಿನಲ್ಲಿ ಇದು ಹೆಚ್ಚು. ನೋಡಿದವರು ಬೆಚ್ಚಿತು, ಹೊಟ್ಟೆನೋವು ಬಂತು ಎಂದುಕೊಂಡು ಸುಮ್ಮನಾಗುತ್ತಾರೆ.

ಈ ಬಗೆಯ ಬೇನೆಯನ್ನು ಮೊದಲು ವಿವರಿಸಿದವನು ವಿಲಿಯಂ ಜೇಮ್ಸ್ ವೆಸ್ಟ್ ಎಂಬ ಆಂಗ್ಲ ವೈದ್ಯ. 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಅವನು ಬರೆದದ್ದು ತನ್ನ ಸ್ವಂತ ಮಗನ ವಿಷಯವನ್ನೇ. ಪುಸ್ತಕವು ಹೇಳದಿದ್ದುದನ್ನು ಒಬ್ಬ ತಂದೆಯ ಕಣ್ಣು ಕಂಡಿತು.

ಇದನ್ನು ನಿಶ್ಚಯಿಸುವ ಸಾಧನ ಇ.ಇ.ಜಿ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲು ದಾಖಲಿಸಿದನು. ತಲೆಗೆ ಪುಟ್ಟ ಬಿಲ್ಲೆಗಳನ್ನಂಟಿಸಿ, ವೋಲ್ಟಿನ ಹತ್ತು ಲಕ್ಷದ ಕೆಲವೇ ಪಾಲಿನಷ್ಟಿರುವ ಈ ತರಂಗಗಳನ್ನು ಬರೆದುಕೊಳ್ಳುತ್ತಾರೆ. ‘ಕೂಸಿಗೆ ಕರೆಂಟು ಕೊಡುತ್ತಾರೆ’ ಎಂಬ ಭಯ ನಿರಾಧಾರವಾದುದು. ಯಂತ್ರವು ಕೇಳಿಸಿಕೊಳ್ಳುತ್ತದೆ, ಏನನ್ನೂ ಕೊಡುವುದಿಲ್ಲ. ಆರೋಗ್ಯವಂತ ಶಿಶುವಿನ ತರಂಗಗಳಲ್ಲಿ ಒಂದು ಕ್ರಮವಿರುತ್ತದೆ. ಈ ರೋಗದಲ್ಲಿ ಅವು ಎತ್ತರೆತ್ತರವಾಗಿ, ತಾಳ ತಪ್ಪಿ, ಅಂಕೆಯಿಲ್ಲದೆ ಏಳುತ್ತವೆ. ಎಚ್ಚರದಲ್ಲಿ ಅಡಗಿದ ದೋಷವು ನಿದ್ದೆಯಲ್ಲಿ ಹೊರಬೀಳುವುದುಂಟು. ಆದ್ದರಿಂದ ಮಗು ಮಲಗಿರುವಾಗಲೂ ಪರೀಕ್ಷೆ ಅಗತ್ಯ.

ತಡವಾದರೆ, ಮೊದಲೇ ನೊಂದ ಮಿದುಳು ಕಲಿಯಬಹುದಾದ ಅಲ್ಪಸ್ವಲ್ಪವನ್ನೂ ಕಳೆದುಕೊಳ್ಳುತ್ತದೆ. ಔಷಧಿಯಿಂದ ತಲೆ ದೊಡ್ಡದಾಗದು. ಆದರೆ ಸೆಳವು ತಗ್ಗಿದರೆ ಕೂಸು ನೆಮ್ಮದಿಯಾಗಿ ಉಣ್ಣುತ್ತದೆ, ಮಲಗುತ್ತದೆ, ತಾಯಿಯ ಮುಖ ನೋಡಿ ನಗಲೂಬಹುದು. ಕೆಲವರಿಗೆ ಎರಡು ಮೂರು ಔಷಧಿ ಬೇಕಾಗುತ್ತವೆ. ವೈದ್ಯರನ್ನು ಕೇಳದೆ ಅವನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ನಮ್ಮ ಕರ್ತವ್ಯ

ಈ ಮಾತು ನಮಗೆ ದೂರದ್ದಲ್ಲ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಲ್ಲಿ ಜಿಕಾ ಸೋಂಕು ಪತ್ತೆಯಾಯಿತು. ನಮ್ಮ ರಾಜ್ಯದಲ್ಲಿ ಅದೇ ಮೊದಲು. ಹುಟ್ಟಿದ ಮೇಲೆ ಸೋಂಕು ತಗುಲಿದ ಮಕ್ಕಳಿಗೆ ತಲೆ ಕಿರಿದಾಗದು. ಎಚ್ಚರ ಬೇಕಾದುದು ಗರ್ಭಿಣಿಯರಿಗೆ. ಇದಕ್ಕೆ ಲಸಿಕೆಯು ಇನ್ನೂ ಬಳಕೆಗೆ ಬಂದಿಲ್ಲ. ಹಂಡೆ, ತೊಟ್ಟಿ, ಹಳೆಯ ಟೈರುಗಳಲ್ಲಿ ನೀರು ನಿಲ್ಲಗೊಡಬಾರದು. ಈ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವುದರಿಂದ ಹಗಲೂ ಜಾಗ್ರತೆ ಬೇಕು. ಗರ್ಭಿಣಿಯ ಸೋಂಕು ಎಲ್ಲ ಶಿಶುಗಳನ್ನೂ ಬಾಧಿಸದು. ತೊಂದರೆಗೊಳಗಾಗುವವು ನೂರಕ್ಕೆ 5ರಿಂದ 15 ಮಾತ್ರ. ಗರ್ಭದಲ್ಲಿರುವಾಗ ತಗುಲುವ ರುಬೆಲ್ಲಾ ಮೊದಲಾದ ಬೇರೆ ವೈರಸ್ಸುಗಳಿಂದಲೂ ತಲೆ ಕಿರಿದಾಗುವುದುಂಟು. ರುಬೆಲ್ಲಾಗೆ ಲಸಿಕೆ ಇದೆ; ಅದನ್ನು ಮಕ್ಕಳಿಗೆ ತಪ್ಪದೆ ಹಾಕಿಸಬೇಕು.

ಬ್ರೆಜಿಲ್‌ನಲ್ಲಿ ಅನೇಕ ತಂದೆಯರು ಮನೆ ಬಿಟ್ಟು ಹೋದರು. ತಾಯಂದಿರು ಒಂದುಗೂಡಿ ಸಂಘ ಕಟ್ಟಿದರು, ಸರಕಾರದ ಬಾಗಿಲು ತಟ್ಟಿದರು; ಇಂಥ ಮಕ್ಕಳಿಗೆ ಆಜೀವ ಪಿಂಚಣಿ ನೀಡುವ ಕಾನೂನು 2020ರಲ್ಲಿ ಜಾರಿಗೆ ಬಂದಿತು. ನಮ್ಮಲ್ಲಿ ಅಂಥ ತಾಯಿ ಒಬ್ಬಂಟಿಯಾಗಬಾರದು. ಕೂಸಿಗೆ ಬರೆ ಹಾಕುವುದು, ಸೆಳವು ಬಂದಾಗ ಕಬ್ಬಿಣ ಹಿಡಿಸುವುದು, ಬಾಯಿಗೆ ನೀರು ಹಾಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ಸೆಳವು ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬೆಚ್ಚುವಿಕೆ ಸಾಲುಸಾಲಾಗಿ ಬಂದರೆ ಮೊಬೈಲಿನಲ್ಲಿ ಚಿತ್ರಿಸಿ ವೈದ್ಯರಿಗೆ ತೋರಿಸಿರಿ.

ಜನನದ ಸೂತಕವನ್ನೇ ಅಲ್ಲಗಳೆದವರು ಶರಣರು. ಅವರ ಹೆಸರು ಹೇಳುವ ಮನೆಯಲ್ಲಿ ಹುಟ್ಟಿದ ಕಿರುದಲೆಯ ಕೂಸನ್ನು ಕಳಂಕವೆಂದು ಕಾಣದೆ, ಅದರ ತಾಯಿಯ ಮಡಿಲಭಾರವನ್ನು ಹಂಚಿಕೊಳ್ಳುವುದೇ ನಿಜವಾದ ದಾಸೋಹ.