ಡಿವೈಸ್ ಟ್ರೀ: ಯಂತ್ರಾಂಶವನ್ನು ಬರೆದಿಡುವ ಕುಶಲತೆ

ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಅದು ತಾನು ಯಾರೆಂದು ಕಂಪ್ಯೂಟರಿಗೆ ತಾನೇ ತಿಳಿಸುತ್ತದೆ. ರೂಟರ್‌ನಂಥ ಉಪಕರಣಗಳ ಬೋರ್ಡಿಗೆ ಬೆಸೆದ ಬಹುತೇಕ ಚಿಪ್‌ಗಳಿಗೆ ಆ ಶಕ್ತಿಯಿಲ್ಲ. ಯಾವುದು ಎಲ್ಲಿದೆ, ಯಾವ ತಂತಿ ಎಲ್ಲಿಗೆ ಸೇರಿದೆ ಎಂಬುದನ್ನು ಆಪರೇಟಿಂಗ್ ಸಿಸ್ಟಮ್‌ಗೆ ಯಾರಾದರೂ ಬರೆದುಕೊಡಬೇಕು. ಆ ಬರಹವೇ ಡಿವೈಸ್ ಟ್ರೀ. ಇದರ ಮೂಲ 1994ರ ಓಪನ್ ಫರ್ಮ್‌ವೇರ್ ಮಾನಕದಲ್ಲಿದೆ. ಆರ್ಮ್ ಬೋರ್ಡುಗಳ ವಿವರಗಳು ಲಿನಕ್ಸ್ ಕರ್ನಲ್‌ನ ಸಿ ಕೋಡ್‌ನೊಳಗೇ ಬೆಳೆಯುತ್ತ ಹೋದಾಗ, 2011ರ ಆಸುಪಾಸಿನಲ್ಲಿ ಅಲ್ಲಿಯೂ ಇದು ನೆಲೆಯೂರಿತು.

ಎತರ್ನೆಟ್‌ನ ‘ಫೈ’ ಚಿಪ್ ಇದಕ್ಕೆ ಒಳ್ಳೆಯ ಉದಾಹರಣೆ. ದತ್ತಾಂಶವನ್ನು ಫ್ರೇಮ್‌ಗಳಾಗಿ ಕಟ್ಟುವ ‘ಮ್ಯಾಕ್’ ಸಾಮಾನ್ಯವಾಗಿ ಪ್ರಾಸೆಸರ್‌ನೊಳಗೆ ಇರುತ್ತದೆ. ಆ ಬಿಟ್‌ಗಳನ್ನು ಕೇಬಲ್‌ನ ವಿದ್ಯುತ್ ಸಂಕೇತಗಳಾಗಿಸುವ ಭೌತಿಕ ಪದರದ ಚಿಪ್ಪೇ ಫೈ.

ಬರೆಯುವವರು ಮೊದಲು ಬೋರ್ಡಿನ ಸರ್ಕ್ಯೂಟ್ ನಕ್ಷೆಯನ್ನು ತೆರೆದು ನೋಡುತ್ತಾರೆ. ಫೈಯನ್ನು ನಿಯಂತ್ರಿಸುವುದು ಎಂಡಿಐಒ ಎಂಬ ಎರಡು ತಂತಿಗಳ ಬಸ್. ಅದರಲ್ಲಿ 0ಯಿಂದ 31ರವರೆಗೆ ವಿಳಾಸಗಳಿವೆ. ತನ್ನ ವಿಳಾಸ ಯಾವುದೆಂಬುದನ್ನು ಚಿಪ್ ಸಾಮಾನ್ಯವಾಗಿ ಕೆಲವು ಪಿನ್‌ಗಳಿಗೆ ಕಟ್ಟಿದ ರೆಸಿಸ್ಟರ್‌ಗಳಿಂದ ಅರಿಯುತ್ತದೆ. ಅವನ್ನು ನಕ್ಷೆಯಲ್ಲಿ ಗುರುತಿಸಿ, ಆ ಸಂಖ್ಯೆಯನ್ನು ‘ರೆಗ್’ ಎಂಬ ಗುಣದಲ್ಲಿ ಬರೆಯುತ್ತಾರೆ. ಚಿಪ್‌ನ ಗುರುತು 2 ಮತ್ತು 3ನೇ ರಿಜಿಸ್ಟರ್‌ಗಳಲ್ಲಿರುವುದರಿಂದ ಕರ್ನಲ್ ಅದನ್ನು ತಾನೇ ಓದಬಲ್ಲದು. ಆದರೆ ರೀಸೆಟ್‌ನಲ್ಲಿ ಹಿಡಿದಿಟ್ಟ ಚಿಪ್ ಉತ್ತರಿಸದು. ಹಾಗಾಗಿ ರೀಸೆಟ್ ತಂತಿ ಯಾವ ಪಿನ್ನಿಗೆ ಸೇರಿದೆ, ಎಷ್ಟು ಮೈಕ್ರೊಸೆಕೆಂಡ್ ಒತ್ತಿಹಿಡಿಯಬೇಕು, ಬಿಟ್ಟ ಮೇಲೆ ಎಷ್ಟು ಕಾಯಬೇಕು ಎಂಬುದನ್ನೂ ಡೇಟಾಶೀಟ್ ನೋಡಿ ಸೇರಿಸಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಫೈ-ಮೋಡ್’ ಎಂಬ ಗುಣ. ಮ್ಯಾಕ್ ಮತ್ತು ಫೈ ನಡುವಿನ ಆರ್‌ಜಿಎಂಐಐ ಎಂಬ ಜೋಡಣೆಯಲ್ಲಿ ಗಿಗಾಬಿಟ್ ವೇಗಕ್ಕೆ ಗಡಿಯಾರ ಸಂಕೇತ 125 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅದರ ಏರಿಕೆಯಲ್ಲೂ ಇಳಿಕೆಯಲ್ಲೂ ನಾಲ್ಕು ತಂತಿಗಳು ಒಂದೊಂದು ಬಿಟ್ ಸಾಗಿಸುತ್ತವೆ. ಒಂದು ಬಿಟ್‌ನ ಆಯುಸ್ಸು 4 ನ್ಯಾನೊಸೆಕೆಂಡ್. ಅದನ್ನು ನಟ್ಟನಡುವೆ ಓದಬೇಕಾದರೆ ಗಡಿಯಾರ ಸುಮಾರು 2 ನ್ಯಾನೊಸೆಕೆಂಡ್ ತಡವಾಗಿ ತಲುಪಬೇಕು. ಬೋರ್ಡಿನ ಮೇಲೆ ಅಷ್ಟು ವಿಳಂಬ ತರಲು ಸುಮಾರು 30 ಸೆಂಟಿಮೀಟರ್ ಹೆಚ್ಚುವರಿ ತಾಮ್ರದ ಗೆರೆ ಬೇಕು. ಆ ಗೆರೆ ಇದ್ದರೆ ಫೈ-ಮೋಡ್‌ನಲ್ಲಿ ಬರೆಯುವುದು ‘ಆರ್‌ಜಿಎಂಐಐ’. ಇಲ್ಲದೆ ಚಿಪ್‌ಗಳೇ ಎರಡೂ ದಿಕ್ಕಿನ ವಿಳಂಬವನ್ನು ಒದಗಿಸಬೇಕಾದರೆ ‘ಆರ್‌ಜಿಎಂಐಐ-ಐಡಿ’. ಇಲ್ಲಿ ತಪ್ಪಿದರೆ ಕೇಬಲ್ ಸಂಪರ್ಕ ಸಿಕ್ಕಂತೆ ಕಂಡರೂ ದತ್ತಾಂಶ ಕೆಡುತ್ತದೆ.

ಟ್ರೀಯಲ್ಲಿ ಫೈ ನಿಲ್ಲುವುದು ತನ್ನನ್ನು ನಿಯಂತ್ರಿಸುವ ಎಂಡಿಐಒ ಬಸ್ಸಿನ ಕೆಳಗೆ. ದತ್ತಾಂಶದ ನಂಟು ಮಾತ್ರ ಮ್ಯಾಕ್‌ನೊಂದಿಗೆ. ಆ ಅಡ್ಡಸಂಬಂಧವನ್ನು ಮ್ಯಾಕ್‌ನ ಕಡೆ ಬರೆಯುವ ‘ಫೈ-ಹ್ಯಾಂಡಲ್’ ತೋರಿಸುತ್ತದೆ. ಹೀಗೆ ಸಿದ್ಧವಾದ ಪಠ್ಯವನ್ನು ಡಿಟಿಸಿ ಎಂಬ ಕಂಪೈಲರ್ ಪುಟ್ಟ ಬೈನರಿ ಕಡತವಾಗಿಸುತ್ತದೆ. ಯು-ಬೂಟ್‌ನಂಥ ಬೂಟ್‌ಲೋಡರ್ ಅದನ್ನು ಕರ್ನಲ್‌ಗೆ ಒಪ್ಪಿಸುತ್ತದೆ.

ಈ ಕೆಲಸದ ಶಿಸ್ತು ಒಂದೇ: ಡ್ರೈವರ್ ಏನು ಮಾಡಬೇಕು ಎಂದಲ್ಲ, ಬೋರ್ಡ್ ಹೇಗಿದೆ ಎಂದಷ್ಟೇ ಬರೆಯುವುದು. ಹಾಗೆ ನಿಜವನ್ನು ಬರೆದಿಟ್ಟಾಗ ಒಂದೇ ಕರ್ನಲ್ ಹಲವು ಬೋರ್ಡುಗಳಲ್ಲಿ ಓಡುತ್ತದೆ. ಲಿನಕ್ಸ್‌ಗಾಗಿ ಬರೆದ ವಿವರಣೆ ಫ್ರೀಬಿಎಸ್‌ಡಿಗೂ ಒದಗಬಲ್ಲದು.