ಆರಾಧನೆಯ ಗೌರವ ಮತ್ತು ನಾಡಿನ ನಡವಳಿಕೆ



ಯೂರೋಪಿನಲ್ಲಿ ಗಂಡಸರು ಚರ್ಚಿನೊಳಗೆ ಹೋಗುವಾಗ ಟೋಪಿ ತೆಗೆಯುತ್ತಾರೆ, ಬೂಟು ತೆಗೆಯುವುದಿಲ್ಲ. ನಮ್ಮಲ್ಲಿ ದೇವರ ಮುಂದೆ ಹೋಗುವವರು ಮೊದಲು ಚಪ್ಪಲಿ ಬಿಡುತ್ತಾರೆ. ಗುರುದ್ವಾರದಲ್ಲಿ ತಲೆ ಮುಚ್ಚಿಕೊಳ್ಳುವುದೇ ಗೌರವ. ಭಾವ ಒಂದೇ, ತೋರಿಸುವ ಬಗೆ ಬೇರೆ. ಹಾಗಾದರೆ ಒಂದು ಧರ್ಮ ಬೇರೊಂದು ನಾಡಿಗೆ ಬಂದಾಗ ಯಾವ ಬಗೆಯನ್ನು ಅನುಸರಿಸಬೇಕು? ಕಥೋಲಿಕ ಕ್ರೈಸ್ತರಲ್ಲಿ ಈ ಚರ್ಚೆಗೆ ಸುಮಾರು ನಾನ್ನೂರು ವರ್ಷಗಳ ಇತಿಹಾಸವಿದೆ.

ಬಾಬುರಾಯನಕೊಪ್ಪಲಿನ ಮಕ್ಕಳಿಗೆ ಪಕ್ಕದ ಶ್ರೀರಂಗಪಟ್ಟಣವೆಂದರೆ ಕೋಟೆ, ರಂಗನಾಥಸ್ವಾಮಿ ಮತ್ತು ಟಿಪ್ಪು ನೆನಪಾಗುವುದು ಸಹಜ. ಈ ಚರ್ಚೆಯ ಒಂದು ಅಧ್ಯಾಯವೂ ಅಲ್ಲಿಯೇ ನಡೆದಿದೆ. 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಮಾಂಸಾಹಾರ ಬಿಟ್ಟು, ಸಂನ್ಯಾಸಿಯಂತೆ ಬಾಳಿದರು. ಇದೇ ಮಾರ್ಗ ಹಿಡಿದ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿ 1649ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡ ಕಲಿತರು.

ಈ ಮಾರ್ಗಕ್ಕೆ ರೋಮಿನಲ್ಲಿ ವಿರೋಧವೂ ಇತ್ತು. ಒಂದು ಉದಾಹರಣೆ ನೋಡೋಣ. ಅಂದಿನ ಜ್ಞಾನಸ್ನಾನದ ವಿಧಿಯಲ್ಲಿ ಗುರುಗಳು ತಮ್ಮ ಉಗುಳನ್ನು ಬೆರಳಿಗೆ ತಾಗಿಸಿ ಮಗುವಿನ ಕಿವಿ, ಮೂಗನ್ನು ಮುಟ್ಟಬೇಕಿತ್ತು. ಯೇಸು ಕಿವುಡನೊಬ್ಬನನ್ನು ಗುಣಪಡಿಸಿದ ಪ್ರಸಂಗದ ಸ್ಮರಣೆ ಅದು. ಅಲ್ಲಿ ಅದು ಪವಿತ್ರ ಸಂಕೇತ. ಇಲ್ಲಿ ಅದು ಎಂಜಲು! ಇಲ್ಲಿನ ಪಾದ್ರಿಗಳು ಅದನ್ನು ಕೈಬಿಟ್ಟಿದ್ದರು. 1704ರಲ್ಲಿ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ತೂರ್ನೋ ಅದನ್ನು ಬಿಡಕೂಡದೆಂದು ಆಜ್ಞೆ ಮಾಡಿದರು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಸ್ಥಳೀಯ ಆಚರಣೆಗಳ ಮೇಲೆ ಬಿಗಿಯಾದ ನಿರ್ಬಂಧ ಹೇರಿದರು. ಇದಕ್ಕೆ ಬದ್ಧರಾಗಿರುತ್ತೇವೆಂದು ಪಾದ್ರಿಗಳು ಮಾಡಬೇಕಿದ್ದ ಪ್ರಮಾಣ ರದ್ದಾದದ್ದು 1940ರಲ್ಲಿ.

1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಗ್ಗೂಡಿಸಿದ ಫ್ರಾನ್ಸಿನ ಅಬ್ಬೆ ದ್ಯುಬುವಾ ಉಡುಪು, ಊಟಗಳಲ್ಲಿ ನಾಡವರಂತೆಯೇ ಇದ್ದರೂ ಅವರು ಅರ್ಪಿಸಿದ ಬಲಿಪೂಜೆ ಲ್ಯಾಟಿನ್ ಭಾಷೆಯದು.

ದೊಡ್ಡ ಬದಲಾವಣೆ ತಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. ಆರಾಧನೆಯಲ್ಲಿ ಬದಲಿಸಲಾಗದ ತಿರುಳು ಒಂದುಂಟು, ಕಾಲದೇಶಗಳಿಗೆ ತಕ್ಕಂತೆ ಬದಲಿಸಬಹುದಾದ ಅಂಶಗಳೂ ಉಂಟು ಎಂದು 1963ರಲ್ಲಿ ಅದು ವಿವರಿಸಿತು. ಜನರ ಭಾಷೆಯಲ್ಲಿ ಪೂಜೆ ಸಾಧ್ಯವಾಯಿತು. 1969ರಲ್ಲಿ ಭಾರತಕ್ಕಾಗಿ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ನೀಡಿತು: ಪಾದರಕ್ಷೆ ಬಿಡುವುದು, ನೆಲದ ಮೇಲೆ ಕೂರುವುದು, ಕೈಜೋಡಿಸಿ ನಮಿಸುವುದು, ಎಣ್ಣೆ ದೀಪ, ಆರತಿ, ಬಲಿಪೀಠವನ್ನು ಚುಂಬಿಸುವ ಬದಲು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಮುಂತಾದವು. ಇವು ಕಡ್ಡಾಯವಲ್ಲ. ಬೆಂಗಳೂರಿನ ರಾಷ್ಟ್ರೀಯ ಕೇಂದ್ರದ ಮೂಲಕ ಇವುಗಳಿಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಅಮಲೋರ್ಪವದಾಸ್. ಇವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮುಖ್ಯಸ್ಥರಾದರು.

ಇಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಮೊಣಕಾಲೂರುವುದೇ ತಮ್ಮ ಹಿರಿಯರಿಂದ ಬಂದ ಭಕ್ತಿ, ಅದನ್ನೇಕೆ ಬಿಡಬೇಕು ಎಂದು ಕೆಲವು ಕಥೋಲಿಕರು ಕೇಳಿದರು. ನಮ್ಮ ಚಿಹ್ನೆಗಳನ್ನು ಮತಾಂತರಕ್ಕಾಗಿ ಬಳಸಲಾಗುತ್ತಿದೆ ಎಂದು ಕೆಲವು ಹಿಂದೂಗಳು ಆಕ್ಷೇಪಿಸಿದರು. ದಲಿತ ಕ್ರೈಸ್ತ ಚಿಂತಕರ ಮಾತು ಇನ್ನೂ ಗಂಭೀರವಾದುದು: ‘ನಾಡಿನ ಸಂಪ್ರದಾಯ’ ಎಂದರೆ ಯಾರ ಸಂಪ್ರದಾಯ? ತಮ್ಮನ್ನು ಹೊರಗಿಟ್ಟ ಗುಡಿಯ ಆಚರಣೆ ಚರ್ಚಿನೊಳಗೂ ಬರಬೇಕೇ?

ಈ ದೃಷ್ಟಿಯಿಂದ, ಜನರೇ ಉಳಿಸಿಕೊಂಡು ಬಂದ ಆಚರಣೆಗಳನ್ನು ಗಮನಿಸಬೇಕು. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿಕೊಂಡು ಮನೆಗೊಯ್ದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಕೃಷ್ಣರಾಜನಗರ ತಾಲ್ಲೂಕಿನ ದೋರ್ನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಬೇರೆ ಬೇರೆ ಮತಗಳವರು ಬಂದು ಹರಕೆ ಸಲ್ಲಿಸುತ್ತಾರೆ. ರೈತನಿಗೆ ತೆನೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಒಂದು ಸಂಕೇತ ಪೂಜಿಸುವವನಿಗೆ ಗೌರವವೆಂದು ತೋರಬೇಕು, ಪಕ್ಕದಲ್ಲಿ ನಿಂತವನಿಗೆ ಅವಮಾನವಾಗಬಾರದು. ನಿಮ್ಮ ಊರಿನ ಯಾವುದೇ ಮತದ ಆಚರಣೆಯನ್ನು ನೋಡುವಾಗ ಈ ಎರಡು ಮಾತುಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ಯೋಚಿಸಿ, ಗೆಳೆಯರೊಂದಿಗೆ ಚರ್ಚಿಸಿ.